ನಮ್ಮ ಮನೆಯ ಬಾಕಿ

ಪುಣೆಯಲ್ಲಿ ನಾನು ನಿಜವಾಗಿಯೂ ವಾಸವಾಗಿದ್ದೇನೆ ಎಂದು ಕಾಗದದ ಮೇಲೆ ಬರೆದು ಸಹಿ ಹಾಕುವ ಪ್ರಸಂಗ ಬಂದದ್ದು 2023ರಲ್ಲಿ. ನಾನು ಈ ಊರಿಗೆ ಬಂದು ಆಗ ಇಪ್ಪತ್ತೇಳು ವರ್ಷವಾಗಿತ್ತು. ಬ್ಯಾಂಕಿನ ವರ್ಗಾವಣೆಯ ಮೇಲೆ 1996ರಲ್ಲಿ ಬಂದಾಗ ‘ಮೂರು ವರ್ಷ ಅಷ್ಟೇ, ಆಮೇಲೆ ಊರ ಕಡೆ’ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಆ ಮೂರು ವರ್ಷ ಇನ್ನೂ ಮುಗಿದಿಲ್ಲ.

ವಿಷಯ ಇಷ್ಟೇ. ಪುಣೆ ಮಹಾನಗರಪಾಲಿಕೆಯಲ್ಲಿ 1970ರಿಂದ ಒಂದು ಸವಲತ್ತು ಇದೆ. ಮನೆಯಲ್ಲಿ ಮಾಲೀಕನೇ ವಾಸವಿದ್ದರೆ ಆಸ್ತಿ ತೆರಿಗೆಯ ಲೆಕ್ಕದಲ್ಲಿ ಸೇಕಡಾ 40 ರಿಯಾಯತಿ. ಇಲ್ಲಿ ತೆರಿಗೆ ಹಾಕುವುದು ‘ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು’ ಎಂಬ ಅಂದಾಜಿನ ಮೇಲೆ. ಅದರಲ್ಲಿ ರಿಪೇರಿಗೆಂದು ಒಂದಿಷ್ಟು ಕಳೆದು ಉಳಿದದ್ದಕ್ಕೆ ದರ ಹಚ್ಚುತ್ತಾರೆ. ಬಾಡಿಗೆ ಬರದೆ ತಾನೇ ಇರುವವನಿಗೆ ಆ ಅಂದಾಜು ಭಾರವಾಗಬಾರದು ಎಂದು ರಿಯಾಯತಿ. ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದು ರಾಜ್ಯ ಸರ್ಕಾರ ಇದನ್ನು ನಿಲ್ಲಿಸಿತು. 2019ರ ಏಪ್ರಿಲ್ ನಂತರ ಹೊಸದಾಗಿ ದಾಖಲಾದ ಮನೆಗಳಿಗೆ ಅದು ಸಿಗಲಿಲ್ಲ. ನಾನು ನಿವೃತ್ತನಾದದ್ದು 2018ರಲ್ಲಿ. ಮೊಣಕಾಲು ನೋವಿಗೆ ಮೂರನೇ ಮಹಡಿಯ ಹಳೆಯ ಮನೆ ಮಾರಿ ಲಿಫ್ಟ್ ಇರುವ ಹೊಸ ಫ್ಲಾಟ್ ಕೊಂಡದ್ದು ಸರಿಯಾಗಿ ಆ ಸಂದಿಯಲ್ಲೇ! 2023ರಲ್ಲಿ ಸರ್ಕಾರ ಸವಲತ್ತನ್ನು ಮರಳಿ ಕೊಟ್ಟಿತು. ಆದರೆ ನಮ್ಮಂಥವರು ಪಿಟಿ-3 ಎಂಬ ಅರ್ಜಿ ತುಂಬಿ, ನಾವೇ ಇಲ್ಲಿ ಇರುತ್ತೇವೆ ಎಂಬುದಕ್ಕೆ ಪುರಾವೆ ಕೊಡಬೇಕಿತ್ತು.

ನಾನು ಎಂ.ಕಾಂ. ಓದಿದವನು, ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಫಾರ್ಮು ತುಂಬಿಸಿದವನು. ಸೊಸೈಟಿಯ ಪತ್ರ, ಮತದಾರರ ಚೀಟಿ, ಗ್ಯಾಸಿನ ಪುಸ್ತಕ ಎಲ್ಲ ಜೋಡಿಸಿಟ್ಟುಕೊಂಡು ಕೂತೆ. ಪುಣೆಯಲ್ಲಿ ಬೇರೆ ಮನೆ ಇದ್ದರೆ ಅದರ ಬಿಲ್ಲನ್ನೂ ಲಗತ್ತಿಸಬೇಕು ಎಂದಿತ್ತು. ಪುಣೆಯಲ್ಲಿ ಬೇರೆ ಇಲ್ಲ. ‘ಇಲ್ಲ’ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು.

ಅಡುಗೆಮನೆಯಿಂದಲೇ ನೋಡುತ್ತಿದ್ದ ನನ್ನ ಹೆಂಡತಿ, “ಅಲ್ರೀ, ಸಹಿ ಮಾಡ್ಲಿಕ್ಕೆ ಅಷ್ಟ್ಯಾಕ ವಿಚಾರ ಮಾಡ್ತೀರಿ? ಈಗರೆ ಒಪ್ಪಿಕೋರಿ, ನಾವು ಇಲ್ಲ್ಯಾವರ ಅಂತ” ಎಂದಳು.

ನಾನು ವಿಚಾರ ಮಾಡುತ್ತಿದ್ದದ್ದು ಅದನ್ನಲ್ಲ. ಊರಿನ ಮನೆಯ ಪಟ್ಟಿ ಕೊನೆಗೆ ಯಾವಾಗ ತುಂಬಿದ್ದೆವು ಎಂದು ನೆನಪಿಸಿಕೊಳ್ಳುತ್ತಿದ್ದೆ. ನೆನಪಾಗಲಿಲ್ಲ.

ಈ ‘ಪಟ್ಟಿ’ ಎಂಬ ಮಾತು ಹಳೇ ಮೈಸೂರಿನ ಕಡೆಯವರಿಗೆ ಹೊಸದಿರಬಹುದು. ಅವರು ಕಂದಾಯ ಎನ್ನುತ್ತಾರೆ. ನಮ್ಮ ಕಡೆ ಮನೀ ಪಟ್ಟಿ, ನಳದ ಪಟ್ಟಿ. ರೊಕ್ಕವನ್ನು ನಾವು ಕಟ್ಟುವುದಿಲ್ಲ, ತುಂಬುತ್ತೇವೆ. ನಮ್ಮ ಊರು ಆಗಿನ ಧಾರವಾಡ ಜಿಲ್ಲೆಯ ಒಂದು ಸಣ್ಣ ಪೇಟೆ. 1997ರಲ್ಲಿ ಜಿಲ್ಲೆ ಒಡೆದು ಹಾವೇರಿ, ಗದಗ ಬೇರೆಯಾದಾಗ ಊರು ಇದ್ದಲ್ಲೇ ಇದ್ದು ಜಿಲ್ಲೆ ಬದಲಾಯಿತು. ನನ್ನ ತಂದೆ ಆ ಊರಿನ ಪುರಸಭೆಯಲ್ಲಿ ಕಾರಕೂನ. ಮೊದಲಿಗೆ ಜಕಾತಿ ನಾಕಾದಲ್ಲಿ. ಊರೊಳಗೆ ಬರುವ ಮೆಣಸಿನಕಾಯಿ ಚೀಲ, ಬೆಲ್ಲದ ಪೆಂಟಿ, ಬಟ್ಟೆಯ ಗಂಟು ಎಲ್ಲದರ ಮೇಲೂ ಜಕಾತಿ. ಅಡ್ಡ ಕಟ್ಟಿದ ಬಿದಿರು, ಒಂದು ಕಂದೀಲು, ಕಾರ್ಬನ್ ಹಾಳೆಯ ರಸೀದಿ ಪುಸ್ತಕ. ರಾತ್ರಿ ಪಾಳಿ ಇದ್ದಾಗ ನಾನು ಊಟದ ಡಬ್ಬಿ ಒಯ್ದು ಅಲ್ಲೇ ಮಲಗಿದ್ದೂ ಉಂಟು.

1979ರಲ್ಲಿ ಕರ್ನಾಟಕ ಸರ್ಕಾರ ಜಕಾತಿಯನ್ನು ರದ್ದು ಮಾಡಿತು. ವ್ಯಾಪಾರಸ್ಥರು ಪೇಢೆ ಹಂಚಿದರು. ನಮ್ಮ ಅಪ್ಪನನ್ನು ಮನೆಪಟ್ಟಿ ವಸೂಲಿಗೆ ಹಾಕಿದರು. ಆದರೂ ಊರವರಿಗೆ ಅವರು ಕೊನೆಯವರೆಗೆ ‘ಜಕಾತಿ ಮಾಸ್ತರ’ ಆಗಿಯೇ ಉಳಿದರು. ನಾನು ಪುಣೆಗೆ ಬಂದ ಹೊಸತರಲ್ಲಿ ಊರ ಹೊರಗೆ ಜಕಾತಿಗೆ ನಿಂತ ಲಾರಿಗಳ ಸಾಲು ಕಂಡಾಗ ಅಪ್ಪನ ಕಂದೀಲಿನ ಎಣ್ಣೆಯ ವಾಸನೆ ಬಂದಂತಾಗಿತ್ತು. ಇಲ್ಲಿ ಜಕಾತಿ 2013ರವರೆಗೂ ಇತ್ತು. ಅದರ ಬದಲಿಗೆ ಬಂದ ಎಲ್‌ಬಿಟಿಯನ್ನು ಎರಡೇ ವರ್ಷದಲ್ಲಿ ಬಹುಮಟ್ಟಿಗೆ ತೆಗೆದರು. ಮುಂಬಯಿಯಲ್ಲಿ ಮಾತ್ರ 2017ರಲ್ಲಿ ಜಿಎಸ್‌ಟಿ ಬರುವ ತನಕ ಜಕಾತಿ ನಡೆಯಿತು. ಹೀಗೆ ಒಂದೊಂದಾಗಿ ಹೋಗಿ, ಊರಾಳುವ ಸಂಸ್ಥೆಗಳಿಗೆ ತಮ್ಮದೆಂದು ಹೇಳಿಕೊಳ್ಳುವ ದೊಡ್ಡ ಹುಟ್ಟುವಳಿ ಎಂದರೆ ಆಸ್ತಿ ತೆರಿಗೆ ಎಂಬಂತಾಯಿತು. ಉಳಿದದ್ದಕ್ಕೆ ಬೆಂಗಳೂರು, ಮುಂಬಯಿ, ದಿಲ್ಲಿಯ ಕಡೆ ಮುಖ ಮಾಡಿ ಕೂಡಬೇಕು.

ವಸೂಲಿಯ ಕೆಲಸ ಜಕಾತಿಗಿಂತ ಕಠಿಣ. ನಾಕಾದಲ್ಲಿ ಗಾಡಿ ತಾನೇ ಬಂದು ನಿಲ್ಲುತ್ತದೆ. ಪಟ್ಟಿಗೆ ಮನೆ ಮನೆಗೆ ಹೋಗಬೇಕು. ಮಾರ್ಚ್ ತಿಂಗಳಲ್ಲಿ ಅಪ್ಪ ಮನೆ ಸೇರುವುದು ರಾತ್ರಿ ಹತ್ತಕ್ಕೆ. 1980ರ ಮಾರ್ಚಿನಲ್ಲಿ, ನಾನು ಧಾರವಾಡದಲ್ಲಿ ಎಂ.ಕಾಂ. ಓದುತ್ತಿದ್ದಾಗ, ಹಬ್ಬಕ್ಕೆಂದು ಊರಿಗೆ ಬಂದಿದ್ದೆ. ಆ ದಿನ ಮೂರು ವರ್ಷದ ಬಾಕಿಗಾಗಿ ಒಂದು ಮನೆಯ ಸಾಮಾನು ಜಪ್ತಿಯಾಯಿತು. ಜಪ್ತಿಗೆ ಹೋದವರು ಅಪ್ಪ. ಆ ಮನೆ ನನ್ನ ಜತೆ ಶಾಲೆ ಕಲಿತವನದು. ಅವರ ಬಚ್ಚಲಿನ ತಾಮ್ರದ ಹಂಡೆಯನ್ನು ಕೈಗಾಡಿಯ ಮೇಲೆ ಇಟ್ಟು ಓಣಿಯಲ್ಲಿ ತಳ್ಳಿಕೊಂಡು ಹೋಗುವುದನ್ನು ನಾನು ನಮ್ಮ ಕಟ್ಟೆಯ ಮೇಲಿನಿಂದ ನೋಡಿದೆ. ಗೆಳೆಯನೂ ಅವನ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ನಾನು ಸಿಟ್ಟಿನಿಂದ, “ಬ್ಯಾರೆ ಯಾರನ್ನರೆ ಕಳಸಬೇಕಿತ್ತು” ಎಂದೆ. ಅಪ್ಪ ಒಂದೇ ಮಾತು ಹೇಳಿದರು: “ಮಂದಿ ಮನೀಗೆ ಹೋಗಿ ಪಟ್ಟಿ ಕೇಳಬೇಕಂದ್ರ ನಮ್ಮ ಮನೀ ಬಾಕಿ ಇರಬಾರದು. ಅದಕ್ಕ ನಾನ ಹೋದೆ.”

ಅದು ನಿಜವಿತ್ತು. ಪ್ರತಿ ವರ್ಷ ಏಪ್ರಿಲ್ ಒಂದನೇ ತಾರೀಖು ಕಚೇರಿ ತೆರೆದ ಕೂಡಲೇ ನಮ್ಮ ಮನೆಯ ಪಟ್ಟಿ ತುಂಬುವುದು ಅವರ ಪದ್ಧತಿ. ಹೊಸ ಪುಸ್ತಕದ ಮೊದಲನೆಯ ರಸೀದಿ ನಮ್ಮದು. 1988ರಲ್ಲಿ ನಿವೃತ್ತರಾದ ಮೇಲೂ ಬಿಡಲಿಲ್ಲ. ಮನೆಯ ತೆರಿಗೆಯನ್ನು ಮಾಲೀಕನೇ ಲೆಕ್ಕ ಹಾಕಿ ತುಂಬುವ ಸ್ವಯಂ ಘೋಷಣೆಯ ಪದ್ಧತಿ ನಮ್ಮ ಪುರಸಭೆಗಳಿಗೆ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಓಣಿಯವರ ಫಾರ್ಮುಗಳನ್ನೆಲ್ಲ ಕಟ್ಟೆಯ ಮೇಲೆ ಕೂತು ತುಂಬಿಕೊಟ್ಟರು. “ಮೊದಲು ಸಾಹೇಬ ಬಂದು ಮನೀ ನೋಡಿ ಬಾಡಿಗಿ ಇಷ್ಟು ಅಂತಿದ್ದ. ಅಲ್ಲೇ ಜಗಳ, ಅಲ್ಲೇ ಕೈಬಿಸಿ. ಈಗ ನೀನ ಅಳತಿ ಹೇಳು, ನೀನ ಸಹಿ ಹಾಕು. ಸುಳ್ಳು ಬರದ್ರ ಅದು ನಿಂದು” ಎಂದು ಎಲ್ಲರಿಗೂ ಹೇಳುತ್ತಿದ್ದರು.

ಅವರು 2004ರಲ್ಲಿ ತೀರಿಕೊಂಡರು. ಮರುವರ್ಷ ಅವ್ವನನ್ನು ಪುಣೆಗೆ ಕರೆತಂದೆ. ಮನೆಗೆ ಬೀಗ ಬಿತ್ತು. ಬೀಗದ ಕೈ ಮತ್ತು ಪಟ್ಟಿಯ ರೊಕ್ಕ ಎರಡನ್ನೂ ಬಾಜೂ ಮನೆಯ ಕಾಕಾರ ಕೈಗೆ ಕೊಡುತ್ತಿದ್ದೆ. 2010ರಲ್ಲಿ ಕಾಕಾ ಹೋದರು. ಅವರ ಮಕ್ಕಳು ಬೀಗದ ಕೈ ಇಟ್ಟುಕೊಂಡರು. ಪಟ್ಟಿಯ ಮಾತು ಯಾರೂ ತೆಗೆಯಲಿಲ್ಲ. 2012ರಲ್ಲಿ ಅವ್ವನೂ ಹೋದ ಮೇಲೆ ಊರಿಗೆ ಹೋಗುವುದು ಮದುವೆ-ಮುಂಜಿಗೆ ಮಾತ್ರವಾಯಿತು.

ನಾವು ಮೂರು ಮಂದಿ. ಅಕ್ಕ ಹೈದರಾಬಾದಿನಲ್ಲಿ, ತಮ್ಮ ಮುಂಬಯಿಯ ಮುಲುಂಡಿನಲ್ಲಿ, ನಾನು ಇಲ್ಲಿ. ಅಕ್ಕ ಪ್ರತಿ ಏಪ್ರಿಲ್‌ನಲ್ಲಿ ತಪ್ಪದೆ ತೆರಿಗೆ ತುಂಬುತ್ತಾಳೆ, ಅಲ್ಲಿನ ಪಾಲಿಕೆ ಆ ತಿಂಗಳಲ್ಲಿ ತುಂಬಿದವರಿಗೆ ಸೇಕಡಾ 5 ಬಿಡುತ್ತಿತ್ತು. ತಮ್ಮನದು 500 ಚದರ ಅಡಿಯೊಳಗಿನ ಮನೆ. ಮುಂಬಯಿಯಲ್ಲಿ 2022ರ ಜನವರಿಯಿಂದ ಅಂಥ ಮನೆಗಳಿಗೆ ಆಸ್ತಿ ತೆರಿಗೆ ಮಾಫಿ. ಅದಕ್ಕೂ ಮುಂಚೆ ಅವನದು ಒಂದು ದೊಡ್ಡ ತಕರಾರಿತ್ತು. ಮುಂಬಯಿಯ ತೆರಿಗೆ ಬಾಡಿಗೆಯ ಮೇಲೆ ನಿಂತಿತ್ತು. ದಕ್ಷಿಣ ಮುಂಬಯಿಯ ಹಳೆಯ ಪಗಡಿ ಮನೆಗಳ ಬಾಡಿಗೆ ಕಾನೂನಿನ ಹಿಡಿತದಲ್ಲಿ ಅಲ್ಲೇ ಹೆಪ್ಪುಗಟ್ಟಿತ್ತು. ಸಮುದ್ರದ ದಂಡೆಯ ಮನೆಗೆ ಚಿಲ್ಲರೆ ತೆರಿಗೆ, ಉಪನಗರದ ಹೊಸ ಮನೆಗೆ ಹೊರಲಾರದ ತೆರಿಗೆ. ಇದನ್ನು ಸರಿಪಡಿಸಲಿಕ್ಕೆಂದೇ 2010ರಿಂದ ಮನೆಯ ಬೆಲೆಯ ಮೇಲೆ ತೆರಿಗೆ ಹಾಕುವ ಪದ್ಧತಿ ತಂದರು. “ಅಣ್ಣಾ, ಇದು ನ್ಯಾಯ ನೋಡು” ಎಂದು ಆಗ ಫೋನು ಮಾಡಿ ಹೇಳಿದ್ದ.

ಹೀಗೆ ನಾವು ಮೂವರೂ ಮೂರು ಊರುಗಳಲ್ಲಿ ಶಿಸ್ತಿನ ನಾಗರಿಕರು. ಒಬ್ಬಾಕೆ ರಿಯಾಯತಿಗಾಗಿ ಏಪ್ರಿಲ್ ಕಾಯುವವಳು, ಒಬ್ಬ ನ್ಯಾಯ ತೂಗುವವನು, ಒಬ್ಬ ಸೇಕಡಾ 40ಕ್ಕೆ ಪುರಾವೆ ಜೋಡಿಸುವವನು. ಹುಟ್ಟಿದ ಮನೆಯ ಪಟ್ಟಿಯನ್ನು ಮಾತ್ರ ಅಣ್ಣ ತುಂಬಿದ್ದಾನೆಂದು ತಮ್ಮ, ತಮ್ಮ ತುಂಬಿರಬಹುದೆಂದು ನಾನು, ಗಂಡುಮಕ್ಕಳು ನೋಡಿಕೊಳ್ಳುತ್ತಾರೆಂದು ಅಕ್ಕ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ಪಿಟಿ-3 ಅರ್ಜಿ ಕೊಟ್ಟು ಬಂದೆ. ಕೌಂಟರಿನ ಹುಡುಗ ಕಾಗದಗಳನ್ನು ನೋಡಿ, ‘ಕಾಕಾ, ಎಲ್ಲ ಬರೋಬರಿ ಅದೆ’ ಎಂಬ ಅರ್ಥದಲ್ಲಿ ಮರಾಠಿಯಲ್ಲಿ ಹೇಳಿ ಸ್ವೀಕೃತಿ ಕೊಟ್ಟ. ಮುಂದೆ ರಿಯಾಯತಿಯೂ ಸಿಕ್ಕಿತು, ಮೊದಲು ಹೆಚ್ಚಿಗೆ ತುಂಬಿದ್ದನ್ನು ನಂತರದ ಬಿಲ್ಲುಗಳಲ್ಲಿ ವಜಾ ಹಾಕಿದರು. ಊರ ಮನೆಯ ವಿಚಾರಿಸಬೇಕು, ವಿಚಾರಿಸಬೇಕು ಎನ್ನುತ್ತಲೇ ನಾಲ್ಕು ತಿಂಗಳು ಕಳೆದೆ.

2024ರ ಫೆಬ್ರುವರಿಯಲ್ಲಿ ಬಾಜೂ ಮನೆಯ ಕಾಕಾರ ಮೊಮ್ಮಗ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಪುರಸಭೆಯ ನೋಟಿಸ್ ಬೋರ್ಡಿನ ಮೇಲೆ ಬಾಕಿದಾರರ ಯಾದಿ. ಹದಿನೇಳನೇ ಸಾಲಿನಲ್ಲಿ ನನ್ನ ತಂದೆಯ ಹೆಸರು. ಕೆಳಗೆ ಅವನ ಒಂದು ಸಾಲು: “ಅಜ್ಜಾರ, ಇದು ನಿಮ್ಮ ಮನೀದ ಅಲ್ಲೇನ್ರಿ?”

ಆ ಹೆಸರನ್ನು ನೋಡುತ್ತ ಬಹಳ ಹೊತ್ತು ಕೂತೆ. ನಾನು ಮ್ಯಾನೇಜರ್ ಆಗಿದ್ದಾಗ ಅಡವು ಸಾಲಕ್ಕೆ ಬಂದವರನ್ನು ಚಾಲ್ತಿ ವರ್ಷದ ತೆರಿಗೆ ರಸೀದಿ ಇಲ್ಲದೆ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಒಬ್ಬ ಕಿರಾಣಿ ಅಂಗಡಿಯವರನ್ನು ಉತಾರದಲ್ಲಿ ಇನ್ನೂ ಅವರ ತಂದೆಯ ಹೆಸರಿದೆ ಎಂದು ಮೂರು ಸಲ ತಿರುಗಿ ಕಳಿಸಿದ್ದೆ. “ಸಾಹೇಬ್ರ, ಅಪ್ಪ ಸತ್ತು ಹತ್ತು ವರ್ಷ ಆತ್ರಿ, ಆದ್ರ ಮನೀ ಎಲ್ಲೀ ಹೋಗೇದ್ರಿ?” ಎಂದಿದ್ದರು. ನಾನು ಆಗ ಅವರಿಗೆ ವಾರಸಾ ಮಾಡಿಸುವುದರ ಮಹತ್ವದ ಬಗ್ಗೆ ಹದಿನೈದು ನಿಮಿಷ ಉಪದೇಶ ಮಾಡಿದ್ದೆ.

ಮೂವರೂ ಫೋನಿನಲ್ಲಿ ಒಟ್ಟಾಗಿ ಮಾತಾಡಿದೆವು. ಅಕ್ಕ ಮೊದಲು ಅತ್ತಳು, ಆಮೇಲೆ “ನನ್ನ ಪಾಲು ಎಷ್ಟು, ಹೇಳು ತಮ್ಮಾ” ಎಂದಳು. ತಮ್ಮ ಬೇರೆ ಮಾತು ತೆಗೆದ. “ಅಣ್ಣಾ, ಬೀಗ ಹಾಕಿದ ಮನೀ. ಅವರ ಕಸ ನಾವು ಹಾಕಿಲ್ಲ, ಅವರ ನೀರು ಕುಡದಿಲ್ಲ. ಯಾತರ ಪಟ್ಟಿ? ಹೆಂಗೂ ದಂಡ ಮಾಫಿ ಅಂತ ಒಂದು ದಿನ ಬಂದ ಬರ್ತದ. ಇಲ್ಲಾಂದ್ರ ಮಾರಿಬಿಡೂಣು, ತೊಗೊಂಡಾವ ತುಂಬಿಕೋತಾನ.”

ಅವನ ಮಾತಿನಲ್ಲಿ ವ್ಯವಹಾರಜ್ಞಾನ ಇರಲಿಲ್ಲ ಎನ್ನಲಾರೆ. ಆದರೆ ಎರಡೂ ಮಾತು ನನಗೆ ಚುಚ್ಚಿದವು. ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸ ನಮ್ಮ ಎಂ.ಕಾಂ.ನ ಮೊದಲ ವರ್ಷದ ಪಾಠ. ನೀರಿನದು ಶುಲ್ಕ, ಕುಡಿದವನು ಕೊಡಬೇಕು. ತೆರಿಗೆಗೆ ಅಂಥ ಕೊಡು-ಕೊಳ್ಳುವಿಕೆ ಇಲ್ಲ. ಓಣಿಯ ದೀಪ ನಮ್ಮ ಮನೆಗೆ ಬೀಗ ಹಾಕಿದೆ ಎಂದು ಆರುವುದಿಲ್ಲ. ನಮ್ಮ ಮನೆಯ ಬೆಲೆ ಏರಿದ್ದೇ ಮುಂದಿನ ರಸ್ತೆಗೆ ಡಾಂಬರು, ಬದಿಗೆ ಗಟಾರ ಬಂದದ್ದರಿಂದ. ಅದರಲ್ಲಿ ನಮ್ಮ ಒಂದು ಪೈಸೆ ಇರಲಿಲ್ಲ. ಇನ್ನು ಮಾಫಿಯ ಮಾತು. 1990ರಲ್ಲಿ ಒಮ್ಮೆ, 2008ರಲ್ಲಿ ಒಮ್ಮೆ ಕೃಷಿ ಸಾಲಮನ್ನಾ ಬಂದಾಗ ಬ್ಯಾಂಕಿನ ಕೌಂಟರಿನ ಈಚೆ ಕೂತು ನೋಡಿದವನು ನಾನು. ಕಷ್ಟದಲ್ಲಿದ್ದವರಿಗೆ ಅದು ಉಸಿರು ಕೊಟ್ಟಿತು, ಸುಳ್ಳಲ್ಲ. ಆದರೆ ಹೆಂಡತಿಯ ಬಳೆ ಒತ್ತೆಯಿಟ್ಟು ಕಂತು ತುಂಬಿದ್ದ ಒಬ್ಬ ರೈತ ಬಂದು, “ನಾನು ಹುಚ್ಚ ಆದ್ನೇನ್ರಿ ಸಾಹೇಬ್ರ?” ಎಂದು ಕೇಳಿದ್ದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ನಮಗೆ ಅಂಥ ಕಷ್ಟವೂ ಇಲ್ಲ. ಮೂವರಿಗೂ ಪೆನ್ಶನ್ ಅಥವಾ ಪಗಾರ ಇದೆ. “ನೀ ಕೊಡಲಿಕ್ಕರೆ ಬಿಡು, ನಾ ಹೋಗಿ ತುಂಬ್ತೀನಿ” ಎಂದು ಸ್ವಲ್ಪ ಬಿರುಸಾಗಿಯೇ ಹೇಳಿ ಫೋನ್ ಇಟ್ಟೆ.

ಏಪ್ರಿಲ್ ಮೊದಲ ವಾರ ಊರಿಗೆ ಹೋದೆ. ಪುರಸಭೆಯ ಹಳೆಯ ಕಟ್ಟಡ ಇರಲಿಲ್ಲ. ಹೊಸ ಕಟ್ಟಡದಲ್ಲಿ ಕಂಪ್ಯೂಟರಿನ ಮುಂದೆ ನನ್ನ ಮಗಳಿಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ವಸೂಲಿಯ ವಿಭಾಗ ಅವಳದೇ ಅಂತೆ. ಅಪ್ಪ ಕೂತಲ್ಲಿ ಈಗ ಇವಳು ಎಂದುಕೊಂಡೆ. ಅವಳು ಲೆಕ್ಕ ತೆಗೆದು ತಿರುಗಿಸಿ ತೋರಿಸಿದಳು. ಇಲ್ಲಿ ತೆರಿಗೆ ಪುಣೆಯ ಹಾಗೆ ಬಾಡಿಗೆಯ ಮೇಲಲ್ಲ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ, ಕಟ್ಟಡದ ವಯಸ್ಸಿಗೆ ಸವಕಳಿ, ಅದರ ಒಂದು ಪಾಲಿನ ಮೇಲೆ ದರ. 2010ರಿಂದ ಹದಿನಾಲ್ಕು ವರ್ಷದ ಮೂಲ ತೆರಿಗೆ 14,700 ರೂಪಾಯಿ. ತಿಂಗಳಿಗೆ ಸೇಕಡಾ 2ರಂತೆ ದಂಡ 22,600. ಮಗ ತಾಯಿಗಿಂತ ದೊಡ್ಡವನಾಗಿ ಬೆಳೆದಿದ್ದ.

ಬಿಲ್ಲಿನ ಕೆಳಗಿನ ಸಾಲುಗಳನ್ನು ಓದುವುದು ನನ್ನ ಹಳೆಯ ಚಟ. ಪುಣೆಯ ಬಿಲ್ಲಿನಲ್ಲಿ ಅಗ್ನಿಶಾಮಕ ಕರ, ವೃಕ್ಷ ಕರ ಎಂದೆಲ್ಲ ಇರುತ್ತವೆ. ಇಲ್ಲಿ ಆರೋಗ್ಯ ಕರ, ಭಿಕ್ಷುಕರ ಕರ ಸೇಕಡಾ 3, ಗ್ರಂಥಾಲಯ ಕರ ಸೇಕಡಾ 6. ಗ್ರಂಥಾಲಯ ಎಂಬಲ್ಲಿ ಕಣ್ಣು ನಿಂತಿತು. ಬ್ಯಾಂಕಿನ ಪರೀಕ್ಷೆಗೆ ನಾನು ಓದಿದ್ದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ. ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ತರಿಸುವ ಶಕ್ತಿ ಇರಲಿಲ್ಲ. ಒಂದೂವರೆ ವರ್ಷ ಸಂಜೆ ಸಂಜೆ ಅಲ್ಲಿ ಹೋಗಿ ಪುಕ್ಕಟೆ ಕೂತು ಓದಿದೆ. 1965ರ ಕಾನೂನಿನ ಪ್ರಕಾರ ಅದು ನಡೆಯುವುದು ಮನೆಪಟ್ಟಿಯ ಜತೆ ತುಂಬುವ ಈ ಕರದಿಂದಲೇ. ಯಾರ ಯಾರ ಮನೆಯ ಪಟ್ಟಿಯಿಂದಲೋ ನಾನು ಬ್ಯಾಂಕ್ ಆಫೀಸರ್ ಆದೆ. ಆ ಹಂಡೆಯ ಮನೆಯವರದೂ ಅದರಲ್ಲಿ ಇದ್ದೀತು.

ಪೂರ್ತಿ ಹಣ ತುಂಬಿದೆ. ಹೆಣ್ಣುಮಗಳು ಚಾಲ್ತಿ ವರ್ಷದ್ದನ್ನೂ ಸೇರಿಸಿ, “ಸರ್, ಏಪ್ರಿಲ್‌ನ್ಯಾಗ ಬಂದೀರಿ, ಈ ವರ್ಷದ್ದಕ್ಕ ಸೇಕಡಾ ಐದು ಬಿಡ್ತದ ನೋಡ್ರಿ” ಎಂದಳು. ಎಪ್ಪತ್ತೆರಡು ರೂಪಾಯಿ ಉಳಿಯಿತು. ನನಗೆ ನಗು ಬಂತು, ಅವಳಿಗೂ ಬಂತು. ಹಿಂದಿನ ಮೇಜಿನಲ್ಲಿ ಕೂತಿದ್ದ ಮುದಿ ಸಿಪಾಯಿಯೊಬ್ಬ ಎದ್ದು ಬಂದು ರಸೀದಿಯ ಮೇಲಿನ ಹೆಸರು ಓದಿ, “ಜಕಾತಿ ಮಾಸ್ತರ ಮಗಾ ಏನ್ರಿ ನೀವು?” ಎಂದ. ಹೌದೆಂದೆ. ಅವನು ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನಿಸಿತು.

ಮನೆಯ ಬೀಗ ತೆಗೆಸಿ ಒಳಗೆ ಹೋದೆ. ನಡುಮನೆಯ ಮಾಳಿಗೆ ಒಂದು ಕಡೆ ಸೋರಿ ಮಣ್ಣು ಕುಸಿದಿತ್ತು. ಬಚ್ಚಲಲ್ಲಿ ನಮ್ಮ ತಾಮ್ರದ ಹಂಡೆ ಹಸಿರು ಹಿಡಿದು ಹಾಗೇ ಕೂತಿತ್ತು. ಹದಿನಾಲ್ಕು ವರ್ಷದ ಬಾಕಿಗೆ ಅದನ್ನು ಒಯ್ಯಲು ಯಾರೂ ಬಂದಿರಲಿಲ್ಲ. ಅಪ್ಪ ಇದ್ದಿದ್ದರೆ ಮೂರನೇ ವರ್ಷಕ್ಕೇ ಬರುತ್ತಿದ್ದರು.

ವರ್ಷಕ್ಕೊಮ್ಮೆ ನಮ್ಮ ಪುಣೆಯ ಕನ್ನಡಿಗರು ರಾಜ್ಯೋತ್ಸವಕ್ಕೆ ಸೇರಿದಾಗ ನಾನು ಊರಿನ ಬಗ್ಗೆ ಎಷ್ಟು ಸಲ ಮಾತಾಡಿದ್ದೇನೋ ಲೆಕ್ಕವಿಲ್ಲ. ಕೆರೆ, ಜಾತ್ರೆ, ಗಿರಮಿಟ್ಟು, ಅವ್ವನ ಕಟಕ ರೊಟ್ಟಿ. ಕೇಳುವವರ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು. ಆ ವರ್ಷಗಳಲ್ಲೆಲ್ಲ ಊರಿನ ಪುಸ್ತಕದಲ್ಲಿ ನಾವು ಬಾಕಿದಾರರು. ಹೊರನಾಡಿನ ಗೆಳೆಯರಲ್ಲಿ ಇದನ್ನು ಹೇಳಿಕೊಂಡಾಗ ನಕ್ಕವರು ಕಡಿಮೆ. ಇಬ್ಬರು ಮಾತ್ರ ಮರುದಿನ ಫೋನು ಮಾಡಿ, ‘ನಮ್ಮದೂ ನೋಡಿದೆ, ಎಂಟು ವರ್ಷದ್ದಿದೆ’, ‘ನಮ್ಮದು ಉತಾರದಾಗ ಇನ್ನೂ ಅಜ್ಜನ ಹೆಸರದ’ ಎಂದರು.

ತಮ್ಮ ಆ ಸಿಟ್ಟಿನ ಫೋನಿನ ಮೂರು ವಾರದ ಮೇಲೆ ಒಂದು ಮಾತೂ ಬರೆಯದೆ ತನ್ನ ಪಾಲು ಕಳಿಸಿದ. ಮನೆ ಮಾರುವುದೋ ರಿಪೇರಿ ಮಾಡಿಸುವುದೋ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಆದರೆ ಅಲ್ಲಿಯ ತನಕ ವರ್ಷಕ್ಕೊಬ್ಬರು ಪಾಳಿಯ ಮೇಲೆ ಏಪ್ರಿಲ್‌ನಲ್ಲಿ ಹೋಗಿ ಪಟ್ಟಿ ತುಂಬುವುದೆಂದು ಒಪ್ಪಿದ್ದೇವೆ. ಇದನ್ನು ಮೊಬೈಲಿನಲ್ಲೂ ತುಂಬಬಹುದು ಎಂದು ಮಗ ಹೇಳಿದ. ಗೊತ್ತು ಎಂದೆ.

2025ರ ಪಾಳಿ ತಮ್ಮನದು. ಕಚೇರಿಯಿಂದಲೇ ಫೋನು ಮಾಡಿದ. “ಅಣ್ಣಾ, ವಾರಸಾದ ಕಾಗದ ಎಲ್ಲಾ ಕೊಟ್ಟೆ. ಮರಣದ ದಾಖಲೆ, ವಂಶಾವಳಿ, ನಿಮ್ಮಿಬ್ಬರ ಒಪ್ಪಿಗೆ ಎಲ್ಲಾ. ಮುಂದಿನ ವರ್ಷ ನಮ್ಮ ಮೂರೂ ಮಂದಿ ಹೆಸರು ಬರ್ತದಂತ. ಈ ರಸೀದಿ ಅಷ್ಟ ಅಪ್ಪನ ಹೆಸರ್ಲೆ ಇರೂದು.” ಸ್ವಲ್ಪ ತಡೆದು, “ಅಸಲು ನನ್ನ ಹತ್ರ ಇಟ್ಕೋತೀನಿ, ನಡೀತದ?” ಎಂದು ಕೇಳಿದ.

ಯಾತರ ಪಟ್ಟಿ ಎಂದು ಕೇಳಿದ್ದವನು ಅವನೇ. ನಡೆಯುತ್ತದೆ ಎಂದೆ. ಅಕ್ಕನಿಗೂ ನನಗೂ ಒಂದೊಂದು ಝೆರಾಕ್ಸ್ ಕಳಿಸು ಎಂದೆ.